ರಶ್ಡನ್ ಅಂಡ್ ಡೈಮಂಡ್ಸ್ ಅಂತ ಒಂದು ಫುಟ್‌ಬಾಲ್ ಕ್ಲಬ್ ಇತ್ತಲ್ಲ, ಅದು ಎಲ್ಲಿ ಹೋಯ್ತು?

ಹಳೇ ಸೇವ್ ಫೈಲ್:

ಮೊನ್ನೆ ಹಳೇ ಕಂಪ್ಯೂಟರ್ ತೆಗೆದು ಚಾಂಪಿಯನ್‌ಶಿಪ್ ಮ್ಯಾನೇಜರ್ 01/02 ಅನ್ನೋ ಫುಟ್‌ಬಾಲ್ ಗೇಮ್ ಮತ್ತೆ ಹಾಕಿಕೊಂಡೆ. ಕೆಳಗಿನ ಡಿವಿಷನ್‌ನಿಂದ ಶುರು ಮಾಡೋಣ ಅಂತ ಇಂಗ್ಲೆಂಡಿನ ಮೂರನೇ ಡಿವಿಷನ್ (ಪ್ರೀಮಿಯರ್ ಲೀಗ್ ಬಿಟ್ಟು ಎಣಿಸ್ತಿದ್ದರಿಂದ ನಿಜಕ್ಕೂ ನಾಲ್ಕನೇ ಹಂತ) ತೆರೆದರೆ ರಾಕ್‌ಡೇಲ್, ಮ್ಯಾನ್ಸ್‌ಫೀಲ್ಡ್, ಲಿಂಕನ್, ಡಾರ್ಲಿಂಗ್‌ಟನ್ ಅಂತ ಎಲ್ಲ ಊರಿನ ಹೆಸರುಗಳು. ಅವುಗಳ ಮಧ್ಯೆ ರಶ್ಡನ್ ಅಂಡ್ ಡೈಮಂಡ್ಸ್! ಒಡವೆ ಅಂಗಡಿ ಬೋರ್ಡ್ ನೋಡಿದ ಹಾಗಾಯ್ತು. ಹೆಸರಿಗೋಸ್ಕರವೇ ಅದನ್ನ ತಗೊಂಡು ಆಡ್ತಾ ಇದ್ದೀನಿ.

ಆಮೇಲೆ ಕುತೂಹಲಕ್ಕೆ ಈಗಿನ ವೃತ್ತಿಪರ ಲೀಗಿನ 92 ಕ್ಲಬ್‌ಗಳ ಪಟ್ಟಿ ನೋಡಿದೆ. ಇಲ್ಲ. ಅದರ ಕೆಳಗಿನ ಲೀಗಿನಲ್ಲಿ ಹುಡುಕಿದೆ, ಅಲ್ಲೂ ಇಲ್ಲ. 1992ರಲ್ಲಿ ಹುಟ್ಟಿ 2011ರಲ್ಲಿ ಮುಚ್ಚಿತು ಅಂತ ಒಂದು ಸಾಲು ಸಿಕ್ತು ಅಷ್ಟೆ. ಇಂಗ್ಲೆಂಡಿನಲ್ಲಿ ಕ್ಲಬ್‌ಗಳೆಲ್ಲ 1880, 1890ರ ಕಾಲದವು ಅಲ್ವಾ? ಹತ್ತೊಂಬತ್ತೇ ವರ್ಷದಲ್ಲಿ ಹುಟ್ಟಿ, ಲೀಗಿಗೆ ಏರಿ, ಸತ್ತೂ ಹೋಯ್ತು ಅಂದ್ರೆ ಏನು ಕಥೆ? ಆ ಡೈಮಂಡ್ಸ್ ಯಾರು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.


ಕಾರ್ನರ್ ಕಿಕ್:

ಆಹಾ, ಈ ಹೆಸರು ಕೇಳಿ ಎಷ್ಟು ವರ್ಷ ಆಗಿತ್ತು. ಕೂತ್ಕೊಳ್ಳಿ, ಸ್ವಲ್ಪ ಉದ್ದ ಇದೆ.

ಮೊದಲು ಹೆಸರಿನ ವಿಷಯ. ಡೈಮಂಡ್ಸ್ ಅನ್ನೋದು ಇನ್ನೊಂದು ಕ್ಲಬ್ಬಿನ ಅರ್ಧ ಹೆಸರು. ನಾರ್ಥಾಂಪ್ಟನ್‌ಶೈರ್‌ನಲ್ಲಿ ರಶ್ಡನ್ ಅಂತ ಒಂದು ಸಣ್ಣ ಪಟ್ಟಣ. ಅದರ ಪಕ್ಕದಲ್ಲೇ ಅದಕ್ಕಿಂತ ಸಣ್ಣದು ಇರ್ತ್ಲಿಂಗ್‌ಬರೊ. ರಶ್ಡನ್ ಟೌನ್ 1889ರ ಕ್ಲಬ್, ಸದರ್ನ್ ಲೀಗಿನಲ್ಲಿ ಆಡ್ತಿತ್ತು. ಇರ್ತ್ಲಿಂಗ್‌ಬರೊ ಡೈಮಂಡ್ಸ್ 1946ರದ್ದು, ಯುನೈಟೆಡ್ ಕೌಂಟೀಸ್ ಲೀಗ್ ಅಂತ ಇನ್ನೂ ಕೆಳಗೆ. ಎರಡಕ್ಕೂ ದೊಡ್ಡ ಭವಿಷ್ಯ ಏನೂ ಇರಲಿಲ್ಲ. ರಶ್ಡನ್ ಟೌನ್ ಹತ್ರ ಲೀಗಿನ ಜಾಗ ಇತ್ತು, ಮೈದಾನ ಹಳೇದು. ಡೈಮಂಡ್ಸ್ ಹತ್ರ ಮೈದಾನಕ್ಕೆ ಜಾಗ ಇತ್ತು, ಅಷ್ಟು ಮೇಲಿನ ಲೀಗ್ ಇರಲಿಲ್ಲ. 1992ರಲ್ಲಿ ಎರಡನ್ನೂ ಸೇರಿಸಿದರು. ಹೆಸರು ಕೂಡ ಹಾಗೇ, ಇಬ್ಬರಿಗೂ ಬೇಜಾರಾಗದ ಹಾಗೆ ಅರ್ಧರ್ಧ.

ಸೇರಿಸಿದ ಮನುಷ್ಯ ಮ್ಯಾಕ್ಸ್ ಗ್ರಿಗ್ಸ್. ಈ ಹೆಸರು ಗೊತ್ತಿಲ್ಲದಿದ್ದರೂ ಅವರ ಮನೆತನ ಮಾಡಿದ ಬೂಟು ನೀವು ನೋಡೇ ಇರ್ತೀರಿ. ಡಾಕ್ಟರ್ ಮಾರ್ಟೆನ್ಸ್. ಹಳದಿ ಹೊಲಿಗೆ, ಎಂಟು ಜೊತೆ ಲೇಸಿನ ತೂತು, ಗಾಳಿ ತುಂಬಿದ ದಪ್ಪ ಅಟ್ಟೆ. ಮೂಲ ಐಡಿಯಾ ಕ್ಲಾಸ್ ಮಾರ್ಟೆನ್ಸ್ ಅನ್ನೋ ಜರ್ಮನ್ ವೈದ್ಯನದು. ಯುದ್ಧದ ಕೊನೆಯಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲು ಪೆಟ್ಟಾಗಿ, ತನಗೇ ಅಂತ ಮೆತ್ತನೆ ಅಟ್ಟೆಯ ಬೂಟು ಮಾಡಿಕೊಂಡ. ಬ್ರಿಟನ್ನಿನ ಹಕ್ಕು ಕೊಂಡವರು ಗ್ರಿಗ್ಸ್ ಕುಟುಂಬ. ರಶ್ಡನ್ ಹತ್ತಿರದ ವೊಲಾಸ್ಟನ್ ಹಳ್ಳಿಯ ಕಾರ್ಖಾನೆಯಿಂದ ಮೊದಲ ಬೂಟು ಬಂದದ್ದು 1960ರ ಏಪ್ರಿಲ್ 1ಕ್ಕೆ. ಅದಕ್ಕೇ ಆ ಮಾಡೆಲ್‌ಗೆ 1460 ಅಂತ ಹೆಸರು. ಒಂದು, ನಾಲ್ಕು, ಅರವತ್ತು. ಮೊದಲು ಪೋಸ್ಟ್‌ಮ್ಯಾನ್‌ಗಳು, ಕಾರ್ಖಾನೆ ಕೆಲಸದವರು ಹಾಕ್ತಿದ್ದರು, ಆಮೇಲೆ ಪಂಕ್ ಹುಡುಗರು, ಆಮೇಲೆ ಎಲ್ಲರೂ.

ಆ ಕಡೆ ಪೂರ್ತಿ ಚಪ್ಪಲಿ ಬೂಟಿನ ನಾಡು. ನಾರ್ಥಾಂಪ್ಟನ್ ಟೌನ್ ಕ್ಲಬ್ಬಿನ ಅಡ್ಡಹೆಸರೇ ಕಾಬ್ಲರ್ಸ್, ಅಂದ್ರೆ ಚಮ್ಮಾರರು.

ಇನ್ನು ಆಟಕ್ಕೆ ಬರೋಣ. ಗ್ರಿಗ್ಸ್ ದುಡ್ಡು ಸುರಿದರು, ಟೀಮ್ ಏರ್ತಾ ಹೋಯ್ತು. 1994ರಲ್ಲಿ ಒಂದು ಬಡ್ತಿ, 1996ರಲ್ಲಿ ಇನ್ನೊಂದು, ಅಷ್ಟರಲ್ಲಿ ಕಾನ್ಫರೆನ್ಸ್ ತಲುಪಿತ್ತು. ಕಾನ್ಫರೆನ್ಸ್ ಅಂದ್ರೆ ವೃತ್ತಿಪರ ಲೀಗಿನ ಬಾಗಿಲಿನ ಹೊರಗಿನ ಜಗಲಿ. ಆಗ ಅಲ್ಲಿಂದ ವರ್ಷಕ್ಕೆ ಒಂದೇ ಒಂದು ಟೀಮ್ ಒಳಗೆ ಹೋಗಬಹುದಿತ್ತು. ಎರಡನೇ ಸ್ಥಾನಕ್ಕೆ ಬಂದರೆ ಶಭಾಷ್ ಅಂತ ಬೆನ್ನು ತಟ್ಟಿಸಿಕೊಂಡು ಮತ್ತೆ ಆಗಸ್ಟಿನಲ್ಲಿ ಮೊದಲಿಂದ ಆಡಬೇಕು. ರಶ್ಡನ್‌ಗೆ 2000ದಲ್ಲಿ ಹಾಗೇ ಆಯ್ತು, ಕಿಡರ್‌ಮಿನ್‌ಸ್ಟರ್ ಮೊದಲು ಬಂತು. 2001ರಲ್ಲಿ ಯೋವಿಲ್ ಟೌನನ್ನ ಹಿಂದೆ ಹಾಕಿ ಗೆದ್ದರು. ಬಾರ್ನೆಟ್ ಕೆಳಗೆ ಬಿತ್ತು, ಇವರು ಒಳಗೆ ಹೋದರು. ನಿಮ್ಮ ಗೇಮ್ ಶುರುವಾಗೋದೇ ಆ ಬೇಸಿಗೆಯಲ್ಲಿ.

ಆಗಿನ ಮ್ಯಾನೇಜರ್ ಬ್ರಯನ್ ಟಾಲ್ಬಟ್. 1978ರಲ್ಲಿ ಇಪ್ಸ್‌ವಿಚ್ ಪರ, 1979ರಲ್ಲಿ ಆರ್ಸೆನಲ್ ಪರ, ಹೀಗೆ ಒಂದರ ಹಿಂದೊಂದು ವರ್ಷ ಎರಡು ಬೇರೆ ಕ್ಲಬ್‌ಗಳಿಗೆ ಆಡಿ ಎಫ್‌ಎ ಕಪ್ ಗೆದ್ದ ಮನುಷ್ಯ. ಅಂಥವರನ್ನ ಇಷ್ಟು ಸಣ್ಣ ಊರಿಗೆ ತರೋದು ಸುಮ್ನೆ ಮಾತಲ್ಲ.

ಲೀಗಿನಲ್ಲಿ ಮೊದಲ ವರ್ಷವೇ ಆರನೇ ಸ್ಥಾನ, ಕಾರ್ಡಿಫ್‌ನಲ್ಲಿ ಪ್ಲೇಆಫ್ (ಉಳಿದ ಒಂದು ಬಡ್ತಿಗೆ ಆಡೋ ಪಂದ್ಯಗಳು) ಫೈನಲ್. ಅಲ್ಲಿ ಚೆಲ್ಟ್ನಮ್ ಕೈಯಲ್ಲಿ 3-1ರಿಂದ ಸೋತರು. ಮರುವರ್ಷ 2003ರಲ್ಲಿ ಚಾಂಪಿಯನ್. ಅದೊಂದು ಕಥೆ ಹೇಳಲೇಬೇಕು. ಹಾರ್ಟ್ಲ್‌ಪೂಲ್ ಆ ಸೀಸನ್ನಿನ ಬಹುಪಾಲು ಮೇಲೆ ಕೂತಿತ್ತು, ಬೇರೆಯವರಿಗೆ ಅವಕಾಶವೇ ಇಲ್ಲ ಅನ್ನೋ ಹಾಗೆ. ಕೊನೆಯಲ್ಲಿ ಉಸಿರು ಕಟ್ಟಿತು, ರಶ್ಡನ್ ಹಿಡಿದೇಬಿಟ್ಟಿತು. ಕೊನೆಯ ದಿನದ ಪಂದ್ಯ ಯಾರ ಜೊತೆ ಗೊತ್ತಾ? ಅದೇ ಹಾರ್ಟ್ಲ್‌ಪೂಲ್ ಜೊತೆ, ರಶ್ಡನ್ ಮೈದಾನದಲ್ಲೇ. ಡ್ರಾ ಆದರೆ ಸಾಕಿತ್ತು. 1-1 ಆಯ್ತು. ಎರಡೇ ಪಾಯಿಂಟ್ ಅಂತರದಲ್ಲಿ ಕಪ್ ಬಂತು.

ಹನ್ನೊಂದು ವರ್ಷದ ಹಿಂದೆ ಇರದೇ ಇದ್ದ ಕ್ಲಬ್ ಈಗ ಇಂಗ್ಲೆಂಡಿನ ಮೂರನೇ ಹಂತದಲ್ಲಿ. ಅಲ್ಲಿಗೆ ಶಿಖರ. ಆಮೇಲೆಲ್ಲ ಇಳಿಜಾರು. 2004ರಲ್ಲಿ ಒಂದು ಹಂತ ಕೆಳಗೆ, 2006ರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಜೊತೆಗೆ ಲೀಗಿನಿಂದಲೇ ಹೊರಗೆ. 2011ರ ಜೂನ್‌ನಲ್ಲಿ, ಸಾಲದ ಪರಿಸ್ಥಿತಿ ನೋಡಿ ಇವರು ಮುಂದಿನ ಸೀಸನ್ ಆಡಿ ಮುಗಿಸ್ತಾರೆ ಅನ್ನೋ ನಂಬಿಕೆ ಇಲ್ಲ ಅಂತ ಕಾನ್ಫರೆನ್ಸ್‌ನವರೂ ಹೊರಗೆ ಹಾಕಿದರು. ಕ್ಲಬ್ ಮುಚ್ಚಿತು.


ಆಫ್‌ಸೈಡ್:

ಒಳ್ಳೇ ವಿವರಣೆ. ಆದರೆ ಇದರಲ್ಲಿ ಅಯ್ಯೋ ಪಾಪ ಅನ್ನೋಕೆ ಏನಿದೆ ಅಂತ ನನಗೆ ಅರ್ಥ ಆಗಲ್ಲ. ದುಡ್ಡು ಕೊಟ್ಟು ಕೊಂಡ ಬಡ್ತಿ. ದುಡ್ಡು ನಿಂತಿತು, ಬಡ್ತಿಯೂ ನಿಂತಿತು. ಲೆಕ್ಕ ಸರಿಹೋಯ್ತು.

ಆವತ್ತು ಇವರ ಕೆಳಗೆ ಎರಡನೇ ಸ್ಥಾನಕ್ಕೆ ಬಂದ ಯೋವಿಲ್ ಏನಾಯ್ತು ನೋಡಿ. ಎರಡು ವರ್ಷ ತಾಳಿ 2003ರಲ್ಲಿ ತಾವೇ ಲೀಗಿಗೆ ಬಂದರು. ಹತ್ತು ವರ್ಷಕ್ಕೆ, 2013ರಲ್ಲಿ, ಚಾಂಪಿಯನ್‌ಶಿಪ್‌ವರೆಗೂ, ಅಂದ್ರೆ ಪ್ರೀಮಿಯರ್ ಲೀಗಿನ ಕೆಳಗಿನ ಎರಡನೇ ಹಂತದವರೆಗೂ ಹೋದರು. ಆಮೇಲೆ ಬಿದ್ದರು, ಅದು ಬೇರೆ. ಆದರೆ ಕ್ಲಬ್ ಇದೆ.

ಇದೇನು ಹೊಸ ಕಾಯಿಲೆಯೂ ಅಲ್ಲ. ನ್ಯೂ ಬ್ರೈಟನ್ ಟವರ್ ಅಂತ ಒಂದು ಕ್ಲಬ್ ಇತ್ತು, ಲಿವರ್‌ಪೂಲ್ ಎದುರಿನ ಸಮುದ್ರ ದಂಡೆಯಲ್ಲಿ. ಅಲ್ಲೊಂದು ದೊಡ್ಡ ಗೋಪುರ ಕಟ್ಟಿದ್ದರು, ಬ್ಲ್ಯಾಕ್‌ಪೂಲ್‌ನದಕ್ಕಿಂತ ಎತ್ತರ. ಪಕ್ಕದಲ್ಲೇ ಮೈದಾನ. ಬೇಸಿಗೆಯಲ್ಲಿ ಪ್ರವಾಸಿಗರು ಬರ್ತಾರೆ, ಚಳಿಗಾಲದಲ್ಲಿ ಯಾರೂ ಬರಲ್ಲ, ಹಾಗಾದರೆ ಒಂದು ಫುಟ್‌ಬಾಲ್ ಟೀಮ್ ಇಟ್ಟರೆ ಹೇಗೆ ಅಂತ ಗೋಪುರದ ಮಾಲೀಕರೇ ಕ್ಲಬ್ ಮಾಡಿದರು. 1898ರಲ್ಲಿ ಲೀಗಿಗೂ ಸೇರಿಸಿಕೊಂಡರು. ಟೀಮ್ ಕೆಟ್ಟದೇನಿರಲಿಲ್ಲ, ಕೊನೆಯ ಸೀಸನ್ನಿನಲ್ಲಿ ಎರಡನೇ ಡಿವಿಷನ್‌ನಲ್ಲಿ ನಾಲ್ಕನೇ ಸ್ಥಾನ. ಆದರೆ ಜನ ಬರಲಿಲ್ಲ, ಮಾಲೀಕರಿಗೆ ಗಿಟ್ಟಲಿಲ್ಲ, 1901ರಲ್ಲಿ ಬಾಗಿಲು ಹಾಕಿದರು. ಮೂರೇ ಸೀಸನ್. ಅದಕ್ಕೆ ಹೋಲಿಸಿದರೆ ರಶ್ಡನ್ ದೀರ್ಘಾಯುಷಿ.


ಹಳೇ ಸೇವ್ ಫೈಲ್:

ಇಬ್ಬರಿಗೂ ಥ್ಯಾಂಕ್ಸ್. ಬೂಟಿನ ವಿಷಯ ನಿಜಕ್ಕೂ ಗೊತ್ತಿರಲಿಲ್ಲ, ನನ್ನ ಹತ್ರ ಒಂದು ಜೊತೆ ಇದೆ ಬೇರೆ.

ಹಾಗಾದರೆ ಗ್ರಿಗ್ಸ್ ಬೇಜಾರಾಗಿ ಕೈಬಿಟ್ಟರು, ಅಷ್ಟೇನಾ? ಶ್ರೀಮಂತನಿಗೆ ಆಟಿಕೆ ಸಾಕಾಯ್ತು ಅನ್ನೋ ಮಾಮೂಲಿ ಕಥೆ?


ಕಾರ್ನರ್ ಕಿಕ್:

ಅಷ್ಟೇ ಅಲ್ಲ. ಇಲ್ಲೇ ನನಗೂ ಆಫ್‌ಸೈಡ್ ಅವರಿಗೂ ಸ್ವಲ್ಪ ಜಗಳ.

ಗ್ರಿಗ್ಸ್ ಆ ಊರಿನವರೇ. ಎಲ್ಲಿಂದಲೋ ಹೆಲಿಕಾಪ್ಟರಿನಲ್ಲಿ ಬಂದು ಕ್ಲಬ್ ಕೊಂಡವರಲ್ಲ. ಅವರ ಬೂಟಿಗೇ ಪೆಟ್ಟು ಬಿತ್ತು, ಅದು ಮೊದಲ ವಿಷಯ. 2000ದ ಹೊತ್ತಿಗೆ ಮಾರಾಟ ಕುಸಿದಿತ್ತು. 2002ರಲ್ಲಿ ಕಂಪನಿಯವರು ಬ್ರಿಟನ್ನಿನಲ್ಲಿ ತಯಾರಿಕೆ ನಿಲ್ಲಿಸ್ತೀವಿ ಅಂದರು, 2003ರಲ್ಲಿ ಕೆಲಸವೆಲ್ಲ ಚೀನಾ, ಥಾಯ್ಲೆಂಡಿಗೆ ಹೋಯ್ತು. ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಹೆಚ್ಚಿನವರು ಇದೇ ಸುತ್ತಮುತ್ತಲ ಊರಿನವರು. ಈಗ ವರ್ಷ ನೋಡಿ. 2003, ಕಪ್ ಗೆದ್ದ ವರ್ಷವೇ. ಶನಿವಾರ ಮೈದಾನದಲ್ಲಿ ಚಪ್ಪಾಳೆ ಹೊಡೀತಿದ್ದ ಜನರಲ್ಲಿ ಎಷ್ಟೋ ಮಂದಿ ಕಾರ್ಖಾನೆಯಿಂದ ಮನೆಗೆ ಬಂದವರು. ಕ್ಲಬ್ಬಿಗೆ ಹಣ ಕೊಡ್ತಿದ್ದ ಕೈಯೇ ಅವರ ಸಂಬಳ ನಿಲ್ಲಿಸಿದ್ದು. ಅಂಥ ಹೊತ್ತಿನಲ್ಲಿ ಅವರು ಫುಟ್‌ಬಾಲ್ ಆಟಗಾರರಿಗೆ ಹಣ ಹಾಕ್ತಾ ಹೋಗಿದ್ದರೆ ನಾವೇ ಬೈತಿದ್ದೆವು, ಅಲ್ವಾ?

2004ರ ವಸಂತದಲ್ಲಿ ಟಾಲ್ಬಟ್ ಓಲ್ಡಮ್‌ಗೆ ಹೋದರು, ಒಳ್ಳೇ ಆಟಗಾರರು ಒಬ್ಬೊಬ್ಬರಾಗಿ ಖಾಲಿಯಾದರು. 2005ರಲ್ಲಿ ಗ್ರಿಗ್ಸ್ ಕ್ಲಬ್ಬನ್ನ ಅಭಿಮಾನಿಗಳ ಟ್ರಸ್ಟಿಗೆ ಹೆಚ್ಚುಕಮ್ಮಿ ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಮಾರಿ ಲಾಭ ಮಾಡಿಕೊಂಡು ಓಡಲಿಲ್ಲ.

ನನ್ನ ಪ್ರಕಾರ ಕ್ಲಬ್ಬನ್ನ ಮುಳುಗಿಸಿದ್ದು ಹಣ ನಿಂತದ್ದಕ್ಕಿಂತ ಜಾಸ್ತಿ ಆ ಮೈದಾನ. ನೆನ್ ಪಾರ್ಕ್. 6,441 ಜನ ಹಿಡಿಸುವ ಸ್ಟೇಡಿಯಂ, ನಾಲ್ಕೂ ಕಡೆ ಸ್ಟ್ಯಾಂಡು, ಒಂದಕ್ಕೆ ಬೂಟಿನ ಅಟ್ಟೆಯ ಬ್ರಾಂಡಿನದೇ ಹೆಸರು, ಏರ್‌ವೇರ್ ಸ್ಟ್ಯಾಂಡ್. ಪಕ್ಕದಲ್ಲಿ ಸಭೆ ಸಮಾರಂಭಕ್ಕೆ ಡೈಮಂಡ್ ಸೆಂಟರ್ ಅಂತ ದೊಡ್ಡ ಕಟ್ಟಡ. ಅದಿದ್ದದ್ದು ಇರ್ತ್ಲಿಂಗ್‌ಬರೊನಲ್ಲಿ. ಆ ಊರಿನ ಜನಸಂಖ್ಯೆ ಹತ್ತು ಸಾವಿರವೂ ಇಲ್ಲ! ಹಸುಗೂಸು, ಮುದುಕರು, ಫುಟ್‌ಬಾಲ್ ಕಂಡರೆ ಆಗದವರು ಎಲ್ಲರನ್ನೂ ಎಳೆದುಕೊಂಡು ಬಂದು ಕೂರಿಸಿದರೂ ತುಂಬುತ್ತೋ ಇಲ್ಲವೋ ಅನ್ನೋ ಅಳತೆ. ರಶ್ಡನ್ ಸೇರಿಸಿಕೊಂಡರೂ ಒಟ್ಟು ಒಂದು ಸಾಧಾರಣ ಪಟ್ಟಣದಷ್ಟು ಜನ. ಅವರಲ್ಲೂ ಅರ್ಧ ಮಂದಿ ಮೊದಲಿಂದ ನಾರ್ಥಾಂಪ್ಟನ್ನಿನವರೋ ಕೆಟರಿಂಗ್‌ನವರೋ ಆಗಿರ್ತಾರೆ.

ಅಂಥದ್ದನ್ನ ಪುಕ್ಕಟೆ ಕೊಟ್ಟರೂ ತಗೊಳ್ಳೋನಿಗೆ ಕಷ್ಟ. ಆನೆ ದಾನ ಸಿಕ್ಕ ಹಾಗೆ. ಮೇವು ಯಾರು ಹಾಕ್ತಾರೆ? ದೀಪ, ಹುಲ್ಲು, ರಿಪೇರಿ, ವಿಮೆ, ಪಂದ್ಯದ ದಿನದ ಸಿಬ್ಬಂದಿ. ಆರು ಸಾವಿರ ಜನ ಬರಲಿ ಬಿಡಲಿ, ಖರ್ಚು ಆರು ಸಾವಿರದ ಸ್ಟೇಡಿಯಂದೇ. ಲೀಗಿನಲ್ಲಿ ಇರೋವರೆಗೆ ಲೀಗಿನಿಂದ ಬರೋ ಪಾಲಿನ ಹಣ ಇರುತ್ತೆ. 2006ರಲ್ಲಿ ಹೊರಗೆ ಬಿದ್ದ ಮೇಲೆ ಅದೂ ಹೋಯ್ತು. ಅಷ್ಟರಲ್ಲಿ ಟ್ರಸ್ಟಿನವರಿಗೂ ಹೊರೆ ಜಾಸ್ತಿಯಾಗಿ ಕ್ಲಬ್ ಬೇರೆಯವರ ಕೈಗೆ ಹೋಗಿತ್ತು.

ಹಾಗಂತ ಆಮೇಲೂ ಆಟ ಪೂರ್ತಿ ಕೆಟ್ಟಿರಲಿಲ್ಲ. 2010ರಲ್ಲಿ ಕಾನ್ಫರೆನ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು ಪ್ಲೇಆಫ್ ಆಡಿದರು, ಆಕ್ಸ್‌ಫರ್ಡ್ ಎದುರು ಸೋತರು. ಮುಂದಿನ ವರ್ಷಕ್ಕೆ ಕ್ಲಬ್ಬೇ ಇಲ್ಲ. ಆಟದಲ್ಲಿ ಸೋತು ಸತ್ತ ಕ್ಲಬ್ ಅಲ್ಲ ಇದು.


ಥ್ರೋ ಇನ್:

ನೀವಿಬ್ಬರೂ ಲೀಡ್ಸ್ ಪಂದ್ಯ ಬಿಟ್ಟೇಬಿಟ್ಟಿರಲ್ಲ! ನನಗೆ ರಶ್ಡನ್ ಅಂದ್ರೆ ಅದೇ.

1999ರ ಜನವರಿ, ಎಫ್‌ಎ ಕಪ್ ಮೂರನೇ ಸುತ್ತು. ರಶ್ಡನ್ ಇನ್ನೂ ಲೀಗಿನ ಹೊರಗೆ. ಲೀಡ್ಸ್ ಅಂದ್ರೆ ಆಗ ಮ್ಯಾನೇಜರ್ ಓಲಿಯರಿ ಕಾಲದ ಟೀಮ್, ಕ್ಯೂವೆಲ್, ಹ್ಯಾಸೆಲ್‌ಬೈಂಕ್ ಎಲ್ಲ ಇದ್ದದ್ದು, ಆ ಸೀಸನ್ ಪ್ರೀಮಿಯರ್ ಲೀಗಿನಲ್ಲಿ ನಾಲ್ಕನೇ ಸ್ಥಾನ. ಅಂಥವರು ನೆನ್ ಪಾರ್ಕಿಗೆ ಬಂದು 0-0 ಮಾಡಿಕೊಂಡು ಹೋದರು. ಮರುಪಂದ್ಯ ಎಲೆಂಡ್ ರೋಡ್‌ನಲ್ಲಿ. ಅಲ್ಲಿ ಮೊದಲ ಗೋಲು ಹೊಡೆದದ್ದೂ ರಶ್ಡನ್ನೇ. ಕೊನೆಗೆ 3-1ರಿಂದ ಸೋತರು, ಸರಿ. ಆದರೆ ಸ್ವಲ್ಪ ಹೊತ್ತು ಲೀಡ್ಸ್ ಮೈದಾನದಲ್ಲಿ ಇರ್ತ್ಲಿಂಗ್‌ಬರೊ ಮುಂದಿತ್ತು ಅಂದ್ರೆ!

ಇನ್ನೊಂದು ತಮಾಷೆ. 1998ರ ವಿಶ್ವಕಪ್ಪಿಗೆ ಹೋಗಿದ್ದ ಜಮೈಕಾ ತಂಡದ ಇಬ್ಬರು, ಒನಾಂಡಿ ಲೋವ್ ಮತ್ತು ಪಾಲ್ ಹಾಲ್, ಆಮೇಲೆ ಇದೇ ರಶ್ಡನ್‌ಗೆ ಆಡಿದರು. ಸೇವ್ ಫೈಲ್ ಅವರೇ, ಗೇಮಿನಲ್ಲಿ ಅವರನ್ನ ತಗೊಳ್ಳಿ, ಕೈ ಬಿಡಬೇಡಿ.

ಅಂದ ಹಾಗೆ ಅದು ನೆನ್ ಪಾರ್ಕ್ ಸರಿ. ನದಿಯ ಹೆಸರನ್ನ ನಾರ್ಥಾಂಪ್ಟನ್ ಕಡೆಯವರು ನೆನ್ ಅಂತಾರೆ, ಅದೇ ನದಿ ಹರಿದು ಪೀಟರ್‌ಬರೊಗೆ ಹೋದರೆ ನೀನ್ ಆಗುತ್ತೆ. ತಪ್ಪು ಕಡೆ ತಪ್ಪು ಹೆಸರು ಹೇಳಿದರೆ ಮುಖ ನೋಡ್ತಾರಂತೆ.


ನೆನ್ ದಂಡೆ:

ಥ್ರೋ ಇನ್ ಅವರೇ, ನೋಡ್ತಾರೆ, ನಾನೇ ನೋಡಿಸಿಕೊಂಡಿದ್ದೀನಿ. ಕೆಲಸಕ್ಕೆ ಅಂತ ಮೂರು ವರ್ಷ ವೆಲಿಂಗ್‌ಬರೊನಲ್ಲಿದ್ದೆ. ಮೊದಲ ವಾರವೇ ಆಫೀಸಿನಲ್ಲಿ ನೀನ್ ಅಂದೆ, ಪಕ್ಕದವರು ತಿದ್ದಿದರು.

ನಾನು ಹೋಗುವಷ್ಟರಲ್ಲಿ ಕ್ಲಬ್ ಇರಲಿಲ್ಲ, ಮೈದಾನ ಇತ್ತು. ಎ6 ರಸ್ತೆಯಲ್ಲಿ ಹೋಗುವಾಗ ಕಾಣಿಸೋದು. ಒಂದು ಭಾನುವಾರ ಸುಮ್ನೆ ನಡ್ಕೊಂಡು ಹೋಗಿ ನೋಡಿದೆ. ಗೇಟಿಗೆ ಬೀಗ. ಬೇಲಿ ಸಂದಿಯಲ್ಲಿ ಕಣ್ಣಿಟ್ಟರೆ ಪಾರ್ಕಿಂಗ್ ಜಾಗದಲ್ಲಿ ಮೊಣಕಾಲುದ್ದ ಕಳೆ ಬೆಳೆದಿತ್ತು, ಟಾರು ಬಿರುಕು ಬಿಟ್ಟಲ್ಲೆಲ್ಲ. ಟಿಕೆಟ್ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಸ್ಟ್ಯಾಂಡುಗಳು ಮಾತ್ರ ಗಟ್ಟಿಮುಟ್ಟಾಗಿ ನಿಂತಿದ್ದವು. ಹಳೇ ಕಟ್ಟಡ ಬಿದ್ದುಹೋದರೆ ಏನೂ ಅನ್ನಿಸಲ್ಲ, ಇದು ಇನ್ನೂ ಹೊಸದರ ಹಾಗೇ ಇತ್ತು, ಅದೇ ಒಂಥರಾ ಆಯ್ತು. 2017ರಲ್ಲಿ ಕೆಡವಿಬಿಟ್ಟರು.

ಆ ಮೈದಾನದ ಇನ್ನೊಂದು ಅಧ್ಯಾಯ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. 2011ರಲ್ಲಿ ರಶ್ಡನ್ ಮುಚ್ಚಿದ ಕೂಡಲೇ ಅಲ್ಲಿಗೆ ಬಾಡಿಗೆಗೆ ಬಂದವರು ಕೆಟರಿಂಗ್ ಟೌನ್. ಯಾರು? ರಶ್ಡನ್ನಿನ ಬದ್ಧವೈರಿಗಳು, ಹದಿನೈದು ಕಿಲೋಮೀಟರ್ ದೂರದ ಪಕ್ಕದೂರಿನವರು. ತಾವು 1897ರಿಂದ ಆಡ್ತಿದ್ದ ರಾಕಿಂಗಮ್ ರೋಡ್ ಬಿಟ್ಟು ಬಂದರು. ರಶ್ಡನ್ ಅಭಿಮಾನಿಗಳಿಗೆ ಹೇಗಾಗಿರಬೇಡ! ಮನೆಯಲ್ಲಿ ಸೂತಕ ಕಳೆಯೋಕೆ ಮುಂಚೆ ದಾಯಾದಿ ಬಂದು ಪಡಸಾಲೆಯಲ್ಲಿ ಕೂತ ಹಾಗೆ.

ಆಮೇಲೆ ಏನಾಯ್ತು ಅಂದ್ರೆ, ಅದೇ ಮೈದಾನ ಅವರನ್ನೂ ತಿಂದಿತು. ಒಂದೇ ಸೀಸನ್ನಿನಲ್ಲಿ ಸಾಲ ಕುತ್ತಿಗೆಗೆ ಬಂತು, ಕಾನ್ಫರೆನ್ಸ್‌ನಿಂದ ಸದರ್ನ್ ಲೀಗಿಗೆ ಇಳಿದರು. 2012ರ ಅಕ್ಟೋಬರ್‌ನಲ್ಲಿ ಬ್ಯಾಶ್ಲಿ ವಿರುದ್ಧ ಆಡಿಸೋಕೆ ಹನ್ನೊಂದು ಜನವೂ ಇರಲಿಲ್ಲ. ಹತ್ತೇ ಜನ ಇಳಿದರು, 7-0 ಸೋತರು. ಆ ವರ್ಷ ಮುಗಿಯೋ ಮುಂಚೆ ನೆನ್ ಪಾರ್ಕ್ ಬಿಟ್ಟರು. ಈಗ ಬರ್ಟನ್ ಲ್ಯಾಟಿಮರ್‌ನಲ್ಲಿ ಒಂದು ಸಣ್ಣ ಮೈದಾನದಲ್ಲಿ ಆಡ್ತಾರೆ, ಉಸಿರಾಡ್ತಿದ್ದಾರೆ.

ಕಾರ್ನರ್ ಕಿಕ್ ಅವರು ಹೇಳಿದ ಆನೆ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ. ಗ್ರಿಗ್ಸ್ ಹೋಗಿ ಆರು ವರ್ಷ ಆದ ಮೇಲೆ ಬಂದ ಬೇರೆ ಕ್ಲಬ್, ಬೇರೆ ಮಾಲೀಕರು, ಅದೇ ಗತಿ.


ಆಫ್‌ಸೈಡ್:

ಕೆಟರಿಂಗ್ ವಿಷಯ ಒಪ್ಪಿದೆ. ಆದರೆ ಆ ಆನೆಯನ್ನ ಸಾಕಿದ್ದು ಯಾರು ಸ್ವಾಮಿ? ಆರು ಸಾವಿರದ ಸ್ಟೇಡಿಯಂ ಆಕಾಶದಿಂದ ಬೀಳಲಿಲ್ಲ. ಊರಿನ ಅಳತೆ ನೋಡದೆ ಕಟ್ಟಿದ್ದು ಅದೇ ಗ್ರಿಗ್ಸ್. ಕಟ್ಟುವಾಗಲೇ ಕೇಳಬೇಕಿತ್ತು, ನಾನಿಲ್ಲದ ದಿನ ಇದನ್ನ ಯಾರು ನೋಡ್ಕೊಳ್ತಾರೆ ಅಂತ.


ಕಾರ್ನರ್ ಕಿಕ್:

ಅದು ನಿಜ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಒಂದೇ ಒಂದು ಮಾತು ಅವರ ಪರವಾಗಿ. ಆಗಿನ ನಿಯಮ ಹಾಗಿತ್ತು. ಮೈದಾನ ತಕ್ಕಮಟ್ಟಿಗೆ ಇಲ್ಲದಿದ್ದರೆ ಗೆದ್ದರೂ ಬಡ್ತಿ ಇಲ್ಲ.

ಇದಕ್ಕೆ ಉದಾಹರಣೆ ಕೋಲ್ನ್ ಡೈನಮೋಸ್. ಲ್ಯಾಂಕಷೈರ್‌ನ ಸಣ್ಣ ಊರು ಕೋಲ್ನ್. 1963ರಲ್ಲಿ ಶಾಲೆ ಮುಗಿಸಿದ ಹುಡುಗರು ಸೇರಿ ಮಾಡಿದ ಟೀಮ್. ಅವರಲ್ಲೇ ಒಬ್ಬರು ಗ್ರಹಮ್ ವೈಟ್. ಮುಂದೆ ವ್ಯಾಪಾರದಲ್ಲಿ ದುಡ್ಡು ಮಾಡಿದರು, ಕ್ಲಬ್ಬಿಗೆ ಅಧ್ಯಕ್ಷರೂ ಅವರೇ, ಮ್ಯಾನೇಜರೂ ಅವರೇ. 1988ರಲ್ಲಿ ವೆಂಬ್ಲಿಗೆ ಹೋಗಿ ಸಣ್ಣ ಕ್ಲಬ್‌ಗಳ ಕಪ್ ಆದ ಎಫ್‌ಎ ವಾಸ್ ಗೆದ್ದರು, ಎಮ್ಲಿ ವಿರುದ್ಧ 1-0. ಆಮೇಲೆ ಆಟಗಾರರಿಗೆ ಪೂರ್ಣಾವಧಿ ಸಂಬಳ. ಆ ಮಟ್ಟದ ಲೀಗಿನಲ್ಲಿ ಉಳಿದವರೆಲ್ಲ ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸ್‌ಗೆ ಬರೋರು. 1990ರಲ್ಲಿ ನಾರ್ದರ್ನ್ ಪ್ರೀಮಿಯರ್ ಲೀಗನ್ನ ಸುಲಭವಾಗಿ ಗೆದ್ದರು. ಮೇಲೆ ಕಾನ್ಫರೆನ್ಸ್. ಮೈದಾನ ಸರಿ ಇಲ್ಲ ಅಂತ ಬಡ್ತಿ ಕೊಡಲಿಲ್ಲ. ಅದೇ ಬೇಸಿಗೆಯಲ್ಲಿ ವೈಟ್ ಕ್ಲಬ್ಬನ್ನೇ ಮುಚ್ಚಿದರು. ಚಾಂಪಿಯನ್ ಆಗಿ ಕೆಲವೇ ತಿಂಗಳಲ್ಲಿ ಕ್ಲಬ್ ಇಲ್ಲ.

ಅದಾಗಿ ಎರಡೇ ವರ್ಷಕ್ಕೆ ಗ್ರಿಗ್ಸ್ ಶುರು ಮಾಡಿದ್ದು. ಮೈದಾನವನ್ನ ಮೊದಲು ಕಟ್ಟಿದ್ದು ಹುಚ್ಚಿಗಲ್ಲ. ಜಾಸ್ತಿ ಕಟ್ಟಿದರು, ಅದು ತಪ್ಪು. ಅರ್ಧ ಅಳತೆಗೆ ಕಟ್ಟಿ, ಬೇಕಾದಾಗ ಒಂದೊಂದು ಬದಿ ಸೇರಿಸಿಕೊಂಡು ಹೋಗಿದ್ದರೆ ಇವತ್ತೂ ಆ ಹೆಸರು ಎಲ್ಲೋ ಐದನೇ ಆರನೇ ಹಂತದಲ್ಲಿ ಇರ್ತಿತ್ತು ಅಂತ ನನ್ನ ಅನಿಸಿಕೆ.


ಸುಮ್ನೆ ಓದುಗ:

ಥೇಮ್ಸ್ ಅನ್ನೋ ಕ್ಲಬ್ಬನ್ನೂ ಸೇರಿಸಿ. 1928ರಿಂದ 1932, ನಾಲ್ಕೇ ವರ್ಷ. ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಸ್ಟೇಡಿಯಂ, 1930ರ ಡಿಸೆಂಬರ್‌ನಲ್ಲಿ ಲೂಟನ್ ವಿರುದ್ಧದ ಪಂದ್ಯಕ್ಕೆ ಬಂದದ್ದು 469 ಜನ. ಲೂಟನ್ ಆಟಗಾರರಿಗೆ ತಮ್ಮ ಪ್ರತಿಧ್ವನಿಯೇ ಕೇಳಿಸಿರಬೇಕು.


ಆಫ್‌ಸೈಡ್:

ಅದು ಲಂಡನ್ ಮಾರಾಯ್ರೆ, ಸಣ್ಣ ಊರಲ್ಲ. ಆದರೆ 469 ಅನ್ನೋದು ಚೆನ್ನಾಗಿದೆ, ಇಟ್ಕೊಳ್ಳೋಣ.


ಹಳೇ ಸೇವ್ ಫೈಲ್:

ಇಷ್ಟೆಲ್ಲ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಕೊನೆಯದಾಗಿ ಒಂದು. ಅಭಿಮಾನಿಗಳು ಏನು ಮಾಡಿದರು? ಎಲ್ಲ ನಾರ್ಥಾಂಪ್ಟನ್ ಕಡೆ ಹೋದರಾ? ನೆನ್ ದಂಡೆ ಅವರೇ, ನೀವು ಅಲ್ಲಿದ್ದಿರಲ್ಲ.


ನೆನ್ ದಂಡೆ:

ಇಲ್ಲ ಇಲ್ಲ. 2011ರಲ್ಲೇ ಎಎಫ್‌ಸಿ ರಶ್ಡನ್ ಅಂಡ್ ಡೈಮಂಡ್ಸ್ ಅಂತ ಅಭಿಮಾನಿಗಳೇ ಹೊಸದು ಶುರು ಮಾಡಿದರು. ಎದುರಿಗೇ ಒಂದು ಮಾದರಿ ಇತ್ತು. 2002ರಲ್ಲಿ ಅಭಿಮಾನಿಗಳು ಕಟ್ಟಿದ ಎಎಫ್‌ಸಿ ವಿಂಬಲ್ಡನ್ ಇದೇ ಕಾನ್ಫರೆನ್ಸ್‌ನಿಂದ 2011ರ ಮೇನಲ್ಲಿ ಲೀಗಿಗೆ ಬಡ್ತಿ ಪಡೀತು. ಮುಂದಿನ ತಿಂಗಳೇ ರಶ್ಡನ್ ಹೊರಗೆ ಬಿದ್ದದ್ದು. ಅವರು ಮಾಡಿದ್ದನ್ನ ನಾವೂ ಮಾಡೋಣ ಅನ್ನಿಸಿರಬೇಕು.

ಮೊದಲ ವರ್ಷ ದೊಡ್ಡವರ ಟೀಮ್ ಇರಲಿಲ್ಲ, ಹುಡುಗರ ಟೀಮ್ ಅಷ್ಟೆ. 2012ರಿಂದ ಯುನೈಟೆಡ್ ಕೌಂಟೀಸ್ ಲೀಗಿನಲ್ಲಿ ಆಡೋಕೆ ಶುರು, ಅಂದ್ರೆ ಹಳೇ ಇರ್ತ್ಲಿಂಗ್‌ಬರೊ ಡೈಮಂಡ್ಸ್ ಆಡ್ತಿದ್ದ ಅದೇ ಲೀಗ್. ಮೈದಾನ ವೆಲಿಂಗ್‌ಬರೊನಲ್ಲಿ ಬಾಡಿಗೆಗೆ. 2017ರಲ್ಲಿ ರಶ್ಡನ್ನಿನ ಹೇಡನ್ ರೋಡ್‌ಗೆ ಬಂದರು. ಅದು ಯಾವ ಮೈದಾನ ಗೊತ್ತಾ? 1992ರಲ್ಲಿ ಕ್ಲಬ್ ಸೇರಿಸುವಾಗ ಇದು ಸಾಲದು ಅಂತ ರಶ್ಡನ್ ಟೌನ್ ಬಿಟ್ಟು ಹೋದದ್ದೇ ಅದು.

ನಾನು ಒಂದು ಸಲ ಹೋಗಿದ್ದೆ, ಮಳೆ ಹನಿಯೋ ಶನಿವಾರ. ಮೈದಾನದ ಸುತ್ತ ಸೊಂಟದೆತ್ತರದ ಕಬ್ಬಿಣದ ಕಂಬಿ, ಅದಕ್ಕೆ ಕೈಯೂರಿ ನಿಂತರೆ ಲೈನ್ಸ್‌ಮನ್ ಉಸಿರಾಡೋದು ಕೇಳುತ್ತೆ. ಚಹಾ ಕೊಡೋ ಕಿಟಕಿಯ ಹತ್ರ ಸ್ವಲ್ಪ ಜನ, ಉಳಿದವರು ಗೋಲಿನ ಹಿಂದೆ. ಹಾಫ್‌ಟೈಮ್ ಆದ ಕೂಡಲೇ ಆ ಗುಂಪು ಗುಂಪೇ ಮೈದಾನ ಸುತ್ತು ಹಾಕಿ ಆ ಕಡೆ ಗೋಲಿನ ಹಿಂದಕ್ಕೆ ಹೊರಟಿತು, ಲೋಟ ಚೆಲ್ಲದ ಹಾಗೆ ಹಿಡ್ಕೊಂಡು, ಯಾಕಂದ್ರೆ ತಮ್ಮವರು ಇನ್ನು ಆ ಕಡೆ ಗೋಲು ಹೊಡೀಬೇಕಲ್ಲ. ನನ್ನ ಪಕ್ಕ ನಿಂತಿದ್ದ ಒಬ್ಬ ಅಜ್ಜ ಚಿಕ್ಕವನಿದ್ದಾಗ ಎಲ್ಲಿ ನಿಂತು ರಶ್ಡನ್ ಟೌನ್ ನೋಡ್ತಿದ್ದೆ ಅಂತ ಬೆರಳು ಮಾಡಿ ತೋರಿಸಿದರು. ನೆನ್ ಪಾರ್ಕ್ ಬಗ್ಗೆ ಕೇಳಿದೆ. ಅಲ್ಲಿ ಕಾಲುಚಾಚೋಕೆ ಜಾಗ ಚೆನ್ನಾಗಿತ್ತು ಅಂದರು, ಅಷ್ಟೆ. ಮತ್ತೆ ರೆಫರಿಯನ್ನ ಬೈಯೋಕೆ ಶುರು ಮಾಡಿದರು.

ಅವತ್ತಿನ ಫಲಿತಾಂಶ ನೆನಪಿಲ್ಲ. ಜ್ವರ ಬಂದದ್ದು ನೆನಪಿದೆ.


ಥ್ರೋ ಇನ್:

ಬೂಟಿನ ಕಥೆಯೂ ಮುಗಿಸಿಬಿಡ್ತೀನಿ. ಗ್ರಿಗ್ಸ್ ಕುಟುಂಬ ಆಮೇಲೆ ಕಂಪನಿ ಮಾರಿತು. ಬೂಟಿನ ಫ್ಯಾಶನ್ ಮತ್ತೆ ಬಂತು, 2021ರಲ್ಲಿ ಲಂಡನ್ ಷೇರುಪೇಟೆಗೆ ಬಂದಾಗ ಕಂಪನಿಯ ಬೆಲೆ 370 ಕೋಟಿ ಪೌಂಡ್. ವೊಲಾಸ್ಟನ್‌ನಲ್ಲಿ ಈಗಲೂ ಸ್ವಲ್ಪ ಜೊತೆ ತಯಾರಾಗುತ್ತೆ, ಅದಕ್ಕೆ ಬೆಲೆ ಜಾಸ್ತಿ. ಬೂಟು ಹತ್ತು ವರ್ಷ ಮುಂಚೆ ಚೇತರಿಸಿಕೊಂಡಿದ್ದರೆ ಅಂತ ಒಮ್ಮೊಮ್ಮೆ ಅನ್ನಿಸುತ್ತೆ.


ಹಳೇ ಸೇವ್ ಫೈಲ್:

ಎಲ್ಲರಿಗೂ ಥ್ಯಾಂಕ್ಸ್, ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯ್ತು.

ನನ್ನ ರಶ್ಡನ್ ಈಗ ಡಿಸೆಂಬರ್‌ನಲ್ಲಿದೆ, ಏಳನೇ ಸ್ಥಾನ, ಹಾಲ್ ಮತ್ತು ಲೋವ್ ಇಬ್ಬರೂ ಇದ್ದಾರೆ. ಇದನ್ನ ಓದಿ ಮುಗಿಸಿ ಗೇಮ್ ಮುಂದುವರಿಸಿದೆ. ಮೊದಲ ಮೆಸೇಜೇ ಬೋರ್ಡಿನವರದ್ದು. ಸ್ಟೇಡಿಯಂ ಇನ್ನೂ ದೊಡ್ಡದು ಮಾಡ್ತಾರಂತೆ. ಬೇಡ ಅನ್ನೋಕೆ ಎಲ್ಲಿ ಒತ್ತಬೇಕು ಅಂತ ಹುಡುಕ್ತಾ ಇದ್ದೀನಿ, ಅಂಥ ಬಟನ್ನೇ ಇಲ್ಲ.